ಜಪ್ತಿಯಾಗದ ಹಸು

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಶನಿವಾರ ಸಂಜೆ ಮಾಡಿದ ಭಾಷಣದ ಪಾಠ)



ಸರ್ಬಿಯ ದೇಶದ ಜನರಲ್ಲಿ ಒಂದು ಮಾತು ಬಳಕೆಯಲ್ಲಿದೆ. ಹೊಟ್ಟೆಕಿಚ್ಚಿನ ಮನುಷ್ಯನನ್ನು ಕಂಡರೆ, 'ನೆರೆಯವನ ಹಸು ಸಾಯಲಿ ಎಂದು ಬಯಸುವವನು' ಎನ್ನುತ್ತಾರೆ. ನೆರೆಯವನ ಮನೆ ಸುಡಲಿ ಎಂದು ಅವನು ಬಯಸಬೇಕಾಗಿಲ್ಲ, ಬೆಳೆ ಒಣಗಲಿ ಎಂದೂ ಬಯಸಬೇಕಾಗಿಲ್ಲ. ಹಸು ಸತ್ತರೆ ಸಾಕು. ಒಂದು ಸಂಸಾರವನ್ನು ನೆಲಕ್ಕೆ ತರಲು ಅಷ್ಟೇ ಸಾಕೆಂಬುದು ಆ ಮಾತು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ಸರ್ಬಿಯ ಎಂದರೆ ನಿಮ್ಮಲ್ಲಿ ಹಲವರಿಗೆ ಹೊಸ ಹೆಸರೆನ್ನಿಸಬಹುದು. ಯುಗೊಸ್ಲಾವಿಯ ಎಂದರೆ ಹಿರಿಯರಿಗೆ ಗೊತ್ತಾಗುತ್ತದೆ. 1961ರಲ್ಲಿ ನೆಹರೂ ಅವರು ಅಲಿಪ್ತ ರಾಷ್ಟ್ರಗಳ ಸಮ್ಮೇಳನಕ್ಕೆ ಹೋಗಿದ್ದ ಬೆಲ್‌ಗ್ರೇಡ್ ನಗರ ಸರ್ಬಿಯದ ರಾಜಧಾನಿಯೇ. ಯುಗೊಸ್ಲಾವಿಯ ಎಂಬ ಕೂಡು ರಾಷ್ಟ್ರ ಒಡೆದುಹೋಯಿತು. ಸರ್ಬಿಯ ಈಗ ಬೇರೆ ದೇಶವಾಗಿದೆ. ಆ ನಾಡಿನ ಕಾರ್ಖಾನೆಗಳನ್ನು ಕಾರ್ಮಿಕರ ಮಂಡಲಿಗಳು ನಡೆಸುತ್ತಿದ್ದ ವಿಷಯ ನಮ್ಮ ಸಭೆಗಳಲ್ಲಿ ಎಷ್ಟೋ ಸಲ ಚರ್ಚೆಯಾಗಿದೆ. ಆದರೆ ಅಲ್ಲಿಯ ದನದ ಕೊಟ್ಟಿಗೆಯ ವಿಷಯವನ್ನು ಯಾರೂ ಎತ್ತಿಲ್ಲ. ಕಾರ್ಖಾನೆಯ ಕಥೆ ಅರ್ಧ ಕಥೆ; ಇನ್ನರ್ಧ ಕೊಟ್ಟಿಗೆಯಲ್ಲಿದೆ. ಆದುದರಿಂದ ಈ ಸಂಜೆ ಅದನ್ನೇ ಹೇಳಬೇಕೆಂದು ನಿಂತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ಹಸು ದೇವತೆಯಲ್ಲ. ಗಂಡು ಕರುವನ್ನು ಸಾಕಿ ಮಾಂಸಕ್ಕೆ ಮಾರುತ್ತಾರೆ. ಮುದಿ ಹಸುವೂ ಅದೇ ದಾರಿಗೆ ಹೋಗುತ್ತದೆ. ಹಾಗೆಂದು ಪ್ರೀತಿಗೆ ಕಡಮೆಯಿಲ್ಲ. ಪ್ರತಿ ಹಸುವಿಗೂ ಹೆಸರಿದೆ. ಕೆಂಪು ಹಸು ರುಮೆಂಕ, ಬಿಳಿ ಹಸು ಬೆಲ್ಕ, ಮಚ್ಚೆಯದು ಶಾರುಲ್ಯ. ಯಾಗೊದ ಎಂದೂ ಕರೆಯುತ್ತಾರೆ. ಅದೊಂದು ಕೆಂಪು ಹಣ್ಣಿನ ಹೆಸರು. ಫೆಬ್ರವರಿ 24 ದನಗಳನ್ನು ಕಾಯುವ ಸಂತ ವ್ಲಾಸಿಯೆಯ ದಿನ. ಅಂದು ಎತ್ತಿಗೆ ನೊಗ ಹೂಡಬಾರದೆಂಬುದು ಹಳೆಯ ಕಟ್ಟಳೆ. ಕ್ರಿಸ್ಮಸ್ ದಿನ ಮನೆಗೆ ಮೊದಲು ಕಾಲಿಡುವ ಅತಿಥಿಯಿಂದ ಆ ವರ್ಷದ ಭಾಗ್ಯ ಬರುತ್ತದೆಂದು ನಂಬುತ್ತಾರೆ. ಕೆಲವು ಕಡೆ ಆ ಅತಿಥಿಯ ಸ್ಥಾನದಲ್ಲಿ ಎತ್ತನ್ನೇ ಮನೆಯೊಳಕ್ಕೆ ಕರೆತರುತ್ತಿದ್ದರು.

ಒಂದು ಹಸು ಒಂದು ಸಂಸಾರಕ್ಕೆ ಏನು ಮಾಡುತ್ತದೆಂಬ ಲೆಕ್ಕವನ್ನು ಈಗ ಹಾಕೋಣ. ಅಂಗಡಿ ಲೆಕ್ಕ ಬರೆಯುವವರು ಇಲ್ಲಿ ಬಹಳ ಮಂದಿ ಇದ್ದೀರಿ, ಸುಲಭವಾಗಿ ತಿಳಿಯುತ್ತದೆ.

ಡ್ಯಾನ್ಯೂಬ್ ಮತ್ತು ಸಾವಾ ನದಿಗಳ ದಕ್ಷಿಣಕ್ಕೆ ಸರ್ಬಿಯ ಬಹುಪಾಲು ಗುಡ್ಡಗಾಡು. ರೈತನಿಗೆ ಕೆಲವೇ ಎಕರೆ ಭೂಮಿ, ಅದೂ ತುಂಡು ತುಂಡಾಗಿ. ಮೆಕ್ಕೆ ಜೋಳ, ಗೋಧಿ, ಪ್ಲಮ್ ಹಣ್ಣಿನ ತೋಟ, ಹುಲ್ಲುಗಾವಲು, ಒಂದೆರಡು ಹಂದಿ, ಕೋಳಿ. ಇವೆಲ್ಲವನ್ನೂ ಒಂದಕ್ಕೊಂದು ಕಟ್ಟುವ ಕಣ್ಣಿ ಹಸು. ಬೆಳಿಗ್ಗೆ ಸಂಜೆ ಕರೆದ ಹಾಲನ್ನು ಕಾಯಿಸಿ, ಅಗಲವಾದ ಮರದ ತಟ್ಟೆಗಳಿಗೆ ಸುರಿದು ರಾತ್ರಿಯೆಲ್ಲ ಆರಲು ಬಿಡುತ್ತಾರೆ. ಬೆಳಗಾಗುವ ಹೊತ್ತಿಗೆ ದಪ್ಪ ಕೆನೆ ಕಟ್ಟಿರುತ್ತದೆ. ಆ ಕೆನೆಯನ್ನು ತೆಗೆದು, ಮರದ ಸಣ್ಣ ತೊಟ್ಟಿಯಲ್ಲಿ ಪದರ ಪದರವಾಗಿ ಹರಡಿ, ಪದರಕ್ಕಿಷ್ಟು ಉಪ್ಪು ಹಾಕಿ ಹಣ್ಣಾಗಲು ಬಿಡುತ್ತಾರೆ. ಇದಕ್ಕೆ ಕೈಮಾಕ್ ಎಂದು ಹೆಸರು. ವಾರಗಟ್ಟಲೆ ಕೆಡುವುದಿಲ್ಲ. ಪೇಟೆಯಲ್ಲಿ ಇದಕ್ಕೆ ಒಳ್ಳೆಯ ಬೆಲೆ. ಕೆನೆ ತೆಗೆದ ಹಾಲು ಒಡೆದು ಗಿಣ್ಣದಂಥ ಚೀಸ್ ಆಗುತ್ತದೆ. ಅದನ್ನು ಉಪ್ಪು ನೀರಿನಲ್ಲಿಟ್ಟರೆ ಚಳಿಗಾಲವೆಲ್ಲ ಮನೆಯವರ ಊಟಕ್ಕೆ ನೆಂಚಿಕೆ. ಉಳಿದ ತಿಳಿನೀರು ಹಂದಿಯ ಬಾನಿಗೆ. ಸಗಣಿ ಗೊಬ್ಬರ ಮೆಕ್ಕೆ ಜೋಳದ ಹೊಲಕ್ಕೆ. ವರ್ಷಕ್ಕೊಂದು ಕರು, ಅದನ್ನು ಮಾರಿದ ಹಣ ತೆರಿಗೆಗೋ ಮಗಳ ಮದುವೆಗೋ. ಎತ್ತು ಕೊಳ್ಳಲಾರದ ಬಡವ ಹಸುವಿನ ಹೆಗಲಿಗೇ ನೊಗ ಇಡುತ್ತಿದ್ದ. ಹಾಲೂ ಅವಳೇ ಕೊಡಬೇಕು, ನೇಗಿಲೂ ಅವಳೇ ಎಳೆಯಬೇಕು.

ಹಸುವನ್ನು ಸಾಕುವುದೇನೂ ಹೂ ಎತ್ತಿದಷ್ಟು ಹಗುರವಲ್ಲ. ಅಲ್ಲಿಯ ಚಳಿಗಾಲ ಐದಾರು ತಿಂಗಳು. ಗುಡ್ಡದ ಮೇಲೆ ಹಿಮ ಬಿದ್ದರೆ ಮೇವೆಂಬುದಿಲ್ಲ. ದಿನಕ್ಕೆ 12 ಕಿಲೋ ಒಣಹುಲ್ಲು ಎಂದು ಹಿಡಿದರೂ 180 ದಿನಕ್ಕೆ 2 ಟನ್ನಿಗಿಂತ ಹೆಚ್ಚು ಬೇಕು, ಅದೂ ಒಂದೇ ಹಸುವಿಗೆ. ಜೂನ್ ಜುಲೈ ತಿಂಗಳಲ್ಲಿ ಗಂಡಸರು ಸಾಲಾಗಿ ನಿಂತು ಉದ್ದ ಹಿಡಿಯ ಕುಡುಗೋಲು ಬೀಸಿ ಹುಲ್ಲು ಕೊಯ್ಯುತ್ತಿದ್ದರು. ಹೆಂಗಸರು ಮಕ್ಕಳು ತಿರುವಿ ಒಣಗಿಸುತ್ತಿದ್ದರು. ನಡುವೆ ಒಂದು ಕಂಬ ನೆಟ್ಟು ಸುತ್ತ ಬಣವೆ ಒಟ್ಟುತ್ತಿದ್ದರು. 'ಹಸುವಿನ ಹಾಲು ಬಾಯಿಂದ ಬರುತ್ತದೆ' ಎಂದು ಅವರ ಗಾದೆ. ಅಂದರೆ ಬಾಯಿಗೆ ಹಾಕಿದ್ದಷ್ಟೇ ಕೆಚ್ಚಲಿಗೆ ಇಳಿಯುತ್ತದೆ ಎಂದರ್ಥ. ಮುಯ್ಯಾಳು ಪದ್ಧತಿ ಅಲ್ಲಿಯೂ ಉಂಟು. ಇಂದು ನಿನ್ನ ಹುಲ್ಲುಗಾವಲು, ನಾಳೆ ನನ್ನದು. ಅವರು ಅದಕ್ಕೆ ಮೋಬ ಎನ್ನುತ್ತಾರೆ. ಒಂದೊಂದೇ ಎತ್ತಿರುವ ಎರಡು ಮನೆಯವರು ಕೂಡಿ ಜೋಡಿ ಮಾಡಿ ಉಳುವ ರೂಢಿಗೂ ಬೇರೆ ಹೆಸರಿದೆ, ಸ್ಪ್ರೆಗ ಎಂದು.

ಹಸುವಿನ ತಳಿಯ ಮಾತು. ಬೆಟ್ಟದ ಬಡವನ ಹಸುವಿಗೆ ಬೂಶ ಎಂದು ಹೆಸರು. ನಮ್ಮ ಮಲೆನಾಡು ಗಿಡ್ಡದ ಹಾಗೆ ಕುಳ್ಳು. ಎತ್ತರ ಒಂದು ಮೀಟರಿಗಿಂತ ತುಸು ಹೆಚ್ಚು, ತೂಕ ಎರಡು ಮೂರು ಕ್ವಿಂಟಾಲು. ಹಾಲು ಕಡಮೆ, ಆದರೆ ಕಲ್ಲುಗುಡ್ಡದಲ್ಲಿ ಸಿಕ್ಕಿದ್ದನ್ನು ಮೇದು ಬದುಕುತ್ತದೆ, ರೋಗಕ್ಕೆ ಬಗ್ಗುವುದಿಲ್ಲ. ಬಯಲಿನಲ್ಲಿ ಉದ್ದ ಕೊಂಬಿನ ಬೂದು ಬಣ್ಣದ ಪೊಡೋಲಿಯ ತಳಿ, ಬಂಡಿ ಎಳೆಯುವುದಕ್ಕೆ ಹೆಸರಾದದ್ದು. ಮುಂದೆ ಸ್ವಿಟ್ಜರ್ಲೆಂಡ್ ಮೂಲದ ಸಿಮೆಂಟಾಲ್ ಬಂದಿತು. ಇಂದು ರೈತರ ಮನೆಗಳಲ್ಲಿ ಹೆಚ್ಚಾಗಿರುವುದು ಈ ಮಚ್ಚೆ ಹಸುವೇ. ಹಾಲು ಹೆಚ್ಚು, ಮೇವೂ ಹೆಚ್ಚು.

ಇನ್ನು ಈ ಹಸು ಯಾರದು? ಈ ಪ್ರಶ್ನೆಯಲ್ಲಿಯೇ ಎಲ್ಲ ಇದೆ.

ಹಿಂದೆ ಅಲ್ಲಿ ಝಾದ್ರುಗ ಎಂಬ ಕೂಡು ಕುಟುಂಬವಿತ್ತು. ಅಣ್ಣತಮ್ಮಂದಿರು, ಅವರ ಹೆಂಡಿರು, ಮಕ್ಕಳು, ಒಂದೇ ಒಲೆ, ಒಂದೇ ಆಸ್ತಿ. ನಡುವೆ ದೊಡ್ಡ ಮನೆ; ಮದುವೆಯಾದ ಒಬ್ಬೊಬ್ಬ ಮಗನಿಗೂ ಮಲಗಲು ಸುತ್ತ ಒಂದೊಂದು ಮರದ ಕೋಣೆ; ಹಾಲು ಮೊಸರಿಗೆಂದೇ ಇನ್ನೊಂದು ಸಣ್ಣ ಮನೆ. ಜ್ಲಾಟಿಬೊರ್ ಬೆಟ್ಟದ ಸಿರೊಗೊಯ್ನೊ ಎಂಬ ಹಳ್ಳಿಯಲ್ಲಿ ಇಂಥ ಹಳೆಯ ಮನೆಗಳನ್ನು ವಸ್ತು ಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ಆ ಹಾಲಿನ ಮನೆಯೂ ಅಲ್ಲಿದೆ. ಆಸ್ತಿ ಎಲ್ಲರದು ಎಂದೆನಲ್ಲ, ಅದರಲ್ಲಿ ಒಂದು ವಿನಾಯಿತಿ. ಸೊಸೆ ತವರಿನಿಂದ ತಂದ ಹಸುವೋ ಕುರಿಯೋ ಅವಳದೇ ಆಗಿ ಉಳಿಯಬಹುದಿತ್ತು. ಅದರ ಮರಿ ಕರುಗಳೂ ಅವಳವೇ. ಕೂಡು ಕುಟುಂಬ ಒಡೆದು ಸಣ್ಣ ಸಂಸಾರಗಳಾದ ಮೇಲೆಯೂ ಈ ವಾಸನೆ ಹೋಗಲಿಲ್ಲ. ಹೊಲದ ಫಸಲು ಮಾರಿದ ಹಣ ಗಂಡಸಿನ ಜೇಬಿಗೆ ಹೋದರೆ, ಸಂತೆಯಲ್ಲಿ ಕೈಮಾಕ್, ಚೀಸ್, ಮೊಟ್ಟೆ ಮಾರಿದ ಕಾಸು ಹೆಂಗಸಿನ ಸೆರಗಿನ ಗಂಟಿಗೆ. ಉಪ್ಪು, ಸೀಮೆಎಣ್ಣೆ, ಮಗುವಿನ ಕಾಲಿಗೆ ಜೋಡು, ಸ್ಲೇಟು, ಪುಸ್ತಕ ಈ ಗಂಟಿನಿಂದಲೇ. ನಾನು ಮಾಸ್ತರಿಕೆ ಮಾಡಿದವನು. ಶಾಲೆಯ ಫೀಸು ತಂದೆ ಕೊಟ್ಟದ್ದಕ್ಕಿಂತ ತಾಯಿ ಕೊಟ್ಟದ್ದೇ ಹೆಚ್ಚೆಂಬುದನ್ನು ಬಲ್ಲೆ. ಆದುದರಿಂದ ಸರ್ಬಿಯದ ಈ ಸಂಗತಿಯನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಈಗ ರಾಜಕೀಯಕ್ಕೆ ಬರೋಣ. ಸರ್ಬಿಯ ನಾಲ್ಕು ನೂರು ವರ್ಷಗಳ ಮಟ್ಟಿಗೆ ತುರ್ಕಿಯ ಸುಲ್ತಾನನ ಅಡಿಯಲ್ಲಿತ್ತು. 1804ರಲ್ಲಿ ಒರಾಶಾತ್ಸ್ ಎಂಬ ಹಳ್ಳಿಯಲ್ಲಿ ರೈತರು ಬಂಡೆದ್ದರು. ಅವರ ಮುಂದಾಳು ಕಾರಾಜೋರ್ಜೆ ಹಂದಿಗಳ ವ್ಯಾಪಾರಿ. ಎರಡನೆಯ ದಂಗೆ 1815ರಲ್ಲಿ. ಅದರ ನಾಯಕ ಮಿಲೋಶ್ ಒಬ್ರೆನೊವಿಚ್ ಬಡ ಮನೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ದನ ಕಾದವನು, ದನ ಹೊಡೆದುಕೊಂಡು ದೂರದ ಪೇಟೆಗೆ ನಡೆದವನು. ಮುಂದೆ ಇವನೇ ನಾಡಿನ ಅರಸನಾದ. ತುರ್ಕಿ ಜಹಗೀರುದಾರರು ಬಿಟ್ಟುಹೋದ ಭೂಮಿಯನ್ನು ಹೊಸ ಜಮೀನುದಾರರಿಗೆ ಹಂಚದೆ, ಉಳುವವರ ಕೈಯಲ್ಲಿಯೇ ಉಳಿಸಿದ. ಹೀಗಾಗಿ ಸರ್ಬಿಯ ಸಣ್ಣ ರೈತರ ದೇಶವಾಯಿತು. ಇದು ಸಣ್ಣ ಕೆಲಸವಲ್ಲ.

ಆದರೆ ಮಿಲೋಶನನ್ನು ಸಾಧು ಎಂದು ತಿಳಿಯಬೇಡಿ. ಓದು ಬರಹ ಬಾರದ ಈ ಅರಸ ದನಗಳ ವ್ಯಾಪಾರವನ್ನೂ ಉಪ್ಪಿನ ವ್ಯಾಪಾರವನ್ನೂ ತನ್ನ ಮುಷ್ಟಿಯಲ್ಲಿಟ್ಟುಕೊಂಡು ಭಾರಿ ಶ್ರೀಮಂತನಾದ. ಅವನ ಅಪ್ಪಣೆಯಿಲ್ಲದೆ ಸಣ್ಣ ವರ್ತಕನೊಬ್ಬ ನಾಲ್ಕು ಹಂದಿ ಗಡಿ ದಾಟಿಸುವುದೂ ಕಷ್ಟವಾಗಿತ್ತು. 1839ರಲ್ಲಿ ಅವನನ್ನು ಸಿಂಹಾಸನದಿಂದ ಇಳಿಸಿದರು. ಅದರ ಹಿಂದೆ ಇಂಥ ವರ್ತಕರ ಸಿಟ್ಟೂ ಇತ್ತು.

ಇಂಥವನು 1836ರಲ್ಲಿ ಒಂದು ಆಜ್ಞೆ ಹೊರಡಿಸಿದ. ರೈತನ ಮನೆ, ಇಷ್ಟೆಂದು ಗೊತ್ತುಮಾಡಿದ ಭೂಮಿ, ಎರಡು ಎತ್ತು ಮತ್ತು ಒಂದು ಹಸು, ಇವುಗಳನ್ನು ಯಾವ ಸಾಲಕ್ಕೂ ಹರಾಜು ಹಾಕುವಂತಿಲ್ಲ.

ಇನ್ನೊಮ್ಮೆ ಕೇಳಿ. ಎರಡು ಎತ್ತು ಮತ್ತು ಒಂದು ಹಸು. ಎತ್ತು ಸರಿ, ಎತ್ತಿಲ್ಲದೆ ಉಳುಮೆಯಿಲ್ಲ, ಉಳುಮೆಯಿಲ್ಲದೆ ಅರಸನಿಗೆ ತೆರಿಗೆಯಿಲ್ಲ. ಹಸು ಏಕೆ ಬಂದಿತು? ಎತ್ತಿನಿಂದ ಹೊಲ ನಡೆಯುತ್ತದೆ, ಹಸುವಿನಿಂದ ಮನೆ ನಡೆಯುತ್ತದೆ. ಹಾಲಿಲ್ಲದ ಮಗು ಸಾಯುತ್ತದೆ, ಕೈಮಾಕ್ ಇಲ್ಲದ ಹೆಂಗಸಿನ ಕೈಗೆ ಕಾಸಿಲ್ಲ, ಕಾಸಿಲ್ಲದವರು ಮತ್ತೆ ಸಾಲಗಾರನ ಬಾಗಿಲಿಗೆ ಹೋಗುತ್ತಾರೆ. ಅರಸ ಇದನ್ನು ಪುಸ್ತಕದಿಂದ ಕಲಿತವನಲ್ಲ. ದನದ ಹಿಂದೆ ನಡೆದು ಕಲಿತವನು. ಅಮೀನ ಬಂದು ಕೊಟ್ಟಿಗೆಯ ಕಣ್ಣಿ ಬಿಚ್ಚುವುದನ್ನು ಕಣ್ಣಾರೆ ಕಂಡವರು ನಿಮ್ಮಲ್ಲಿ ಇದ್ದೀರಿ. ಆ ಕಣ್ಣಿಗೆ ಕೈ ಹಾಕಬೇಡ ಎಂದು ಹೇಳುವ ಕಾಯಿದೆ ಎಂಥದೆಂದು ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾಯಿದೆಯ ಮುಂದಿನ ಹಾದಿ ನೇರವಾಗಿರಲಿಲ್ಲ. ನಡುವೆ ಅದು ಸಡಿಲವಾಯಿತು. ಲೇವಾದೇವಿಗಾರರು ಹಳ್ಳಿಗಳಿಗೆ ನುಗ್ಗಿದರು. ಅಂಥವನಿಗೆ ಅವರ ಭಾಷೆಯಲ್ಲಿ ಜೆಲೆನಾಶ್ ಎನ್ನುತ್ತಾರೆ; 'ಹಸಿರು' ಎಂಬ ಮಾತಿನಿಂದ ಬಂದ ಹೆಸರು, ಪೈರು ಹಸಿರಿರುವಾಗಲೇ ಅದರ ಮೇಲೆ ಹಣ ಕೊಟ್ಟು ಕಟ್ಟಿಹಾಕುವವನು. 1873ರಲ್ಲಿ ಕಾಯಿದೆಯನ್ನು ಮತ್ತೆ ಬಿಗಿಗೊಳಿಸಿದರು. ಅದರ ಹಿಂದಿನ ವರ್ಷವೇ, 1872ರಲ್ಲಿ, ಸರ್ಬಿಯದ ಮೊದಲ ಸಮಾಜವಾದಿ ಸ್ವೆತೊಜಾರ್ ಮಾರ್ಕೊವಿಚ್ 'ಪೂರ್ವದಲ್ಲಿ ಸರ್ಬಿಯ' ಎಂಬ ಪುಸ್ತಕ ಪ್ರಕಟಿಸಿದ್ದ. ಹಳೆಯ ಕೂಡು ಕುಟುಂಬ ಮತ್ತು ಹಳ್ಳಿಯ ಪಂಚಾಯಿತಿಯ ಬುನಾದಿಯ ಮೇಲೆಯೇ ಸಮಾಜವಾದವನ್ನು ಕಟ್ಟಬಹುದೆಂಬುದು ಅವನ ವಾದ. ಸೆರೆಮನೆ ಕಂಡ, ಕ್ಷಯದಿಂದ 1875ರಲ್ಲಿ, ಇಪ್ಪತ್ತೊಂಬತ್ತು ತುಂಬುವ ಮೊದಲೇ ತೀರಿಕೊಂಡ. ಕೂಡು ಕುಟುಂಬಗಳು ಆ ವೇಳೆಗಾಗಲೇ ಒಡೆಯುತ್ತಿದ್ದವು. ಅದನ್ನು ಅವನು ಕಡಮೆ ಅಂದಾಜು ಮಾಡಿದನೆಂದು ನನ್ನ ಅಭಿಪ್ರಾಯ. ಆದರೆ ಮನೆಮನೆಯ ಹಸುವನ್ನು ಕಾಯಿದೆಯೊಂದೇ ಉಳಿಸಲಾರದು, ಜನ ಕೂಡಿ ನಿಲ್ಲಬೇಕೆಂಬ ಅವನ ನೋಟ ಸರಿಯಾಗಿತ್ತು. ಯಾಕೆಂದರೆ ಜಪ್ತಿ ಮಾಡಲಾಗದ ರೈತನಿಗೆ ಸಾಲ ಕೊಡುವವರೂ ಕಡಮೆ; ಕೊಡುವವನು ಬಡ್ಡಿ ಏರಿಸುತ್ತಾನೆ. ಇದಕ್ಕೆ ಮದ್ದು ಹುಡುಕಿದವನು ಮಿಹಾಯ್ಲೊ ಅವ್ರಾಮೊವಿಚ್. 1894ರಲ್ಲಿ ಸ್ಮೆದೆರೆವೊ ಪಟ್ಟಣದ ಬಳಿಯ ವ್ರಾನೊವೊ ಹಳ್ಳಿಯಲ್ಲಿ ರೈತರ ಮೊದಲ ಸಾಲ ಸಹಕಾರ ಸಂಘ ಅವನಿಂದ ಸ್ಥಾಪಿತವಾಯಿತು. ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಜಾಮೀನಿಗೆ ಹಸು ಬೇಕಿಲ್ಲ, ನೆರೆಯವನ ಮಾತು ಸಾಕು. ನೆರೆಯವನ ಹಸು ಸಾಯಲಿ ಎನ್ನುವ ಊರಿನಲ್ಲಿಯೇ ಇದೂ ಬೆಳೆಯಿತು ನೋಡಿ.

ವ್ಯಾಪಾರಿ ಗೆಳೆಯರಿಗಾಗಿ ಒಂದು ಪ್ರಸಂಗ ಹೇಳಲೇಬೇಕು. ಸಮುದ್ರವಿಲ್ಲದ ಸರ್ಬಿಯದ ಹೊರ ವ್ಯಾಪಾರ ಬಹುಪಾಲು ಒಂದೇ ಬಾಗಿಲಿನಿಂದ ನಡೆಯುತ್ತಿತ್ತು, ಪಕ್ಕದ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯದ ಬಾಗಿಲಿನಿಂದ. ಹಂದಿ, ದನ, ಪ್ಲಮ್ ಎಲ್ಲವೂ ಅಲ್ಲಿಗೇ. 1906ರಲ್ಲಿ, ಸುಂಕ ಒಪ್ಪಂದದಲ್ಲಿ ತನ್ನ ಮಾತು ಕೇಳಲಿಲ್ಲವೆಂದು, ಬಲ್ಗೇರಿಯದೊಡನೆ ಕೈಗೂಡಿಸಲು ಹೊರಟನೆಂದು, ತೋಪುಗಳನ್ನು ತನ್ನಲ್ಲಿ ಕೊಳ್ಳಲಿಲ್ಲವೆಂದು, ಸಾಮ್ರಾಜ್ಯ ಆ ಬಾಗಿಲನ್ನು ಮುಚ್ಚಿತು. ಚರಿತ್ರೆಯಲ್ಲಿ ಇದು 'ಹಂದಿ ಯುದ್ಧ' ಎಂದು ಹೆಸರಾಗಿದೆ. ಸರ್ಬಿಯದ ದನಗಳೂ ಗಡಿಯಲ್ಲಿ ನಿಂತವು. ಗುಂಡು ಹಾರಲಿಲ್ಲ; ಗಿರಾಕಿ ಬಾಗಿಲು ಹಾಕಿದ, ಅಷ್ಟೆ. ಸರ್ಬಿಯ ಮುಳುಗಲಿಲ್ಲ. ಥೆಸಲೊನಿಕಿಯ ಬಂದರಿನ ಮೂಲಕ ಬೇರೆ ಪೇಟೆಗಳನ್ನು ಹುಡುಕಿತು, ಮಾಂಸ ಸಂಸ್ಕರಿಸುವ ಕಾರ್ಖಾನೆಗಳನ್ನು ಕಟ್ಟಿತು. ಜೀವಂತ ದನ ಹೋಗುವಲ್ಲಿ ಡಬ್ಬದ ಮಾಂಸ ಹೋಗತೊಡಗಿತು. ಒಬ್ಬನೇ ಗಿರಾಕಿಯನ್ನು ನಂಬಿ ಅಂಗಡಿ ಇಟ್ಟವರಿಗೆ ಇದರ ಅರ್ಥ ಬೇರೆ ಹೇಳಬೇಕಿಲ್ಲ.

ಎರಡು ಮಹಾಯುದ್ಧಗಳನ್ನು ದಾಟಿ ಮುಂದೆ ಹೋಗುತ್ತೇನೆ. ಒಂದೇ ಮಾತು: 1914ರ ಯುದ್ಧದಲ್ಲಿ ಸರ್ಬಿಯದ ಸೈನ್ಯದ ಸಾಮಾನೆಲ್ಲ ಹೋದದ್ದು ಎತ್ತಿನ ಬಂಡಿಗಳಲ್ಲಿ, ಹೊಡೆದವರು ವಯಸ್ಸಾದ ರೈತರು. ಬಹಳ ಎತ್ತುಗಳು ಮನೆಗೆ ಮರಳಲಿಲ್ಲ. ಮತ್ತೆ ಹಸುವಿನ ಹೆಗಲಿಗೆ ನೊಗ ಬಂದಿತು.

1945ರ ನಂತರ ಟಿಟೋ ಅವರ ಸರ್ಕಾರ ಬಂದಿತು. ನಮ್ಮ ಪಕ್ಷದ ವೇದಿಕೆಗಳಲ್ಲಿ ಟಿಟೋ ಅವರನ್ನು ಹೊಗಳಿದವರು ಬಹಳ ಮಂದಿ, ನಾನೂ ಹೊಗಳಿದ್ದೇನೆ. ಸ್ಟಾಲಿನ್ನನ ಎದುರು ತಲೆಬಾಗದೆ ನಿಂತ ಧೈರ್ಯವನ್ನು ಈಗಲೂ ಹೊಗಳುತ್ತೇನೆ. ಆದರೆ ಕೊಟ್ಟಿಗೆಯ ವಿಷಯದಲ್ಲಿ ಅವರ ಸರ್ಕಾರ ಮಾಡಿದ್ದನ್ನು ಸಮಾಜವಾದಿಗಳಾದ ನಾವು ಮುಚ್ಚಿಡುವುದು ಸಲ್ಲದು. ಮೊದಲು ಕಡ್ಡಾಯ ವಸೂಲಿ. ಧಾನ್ಯ, ಮಾಂಸ, ಉಣ್ಣೆ, ಹಾಲು, ಇಂತಿಷ್ಟೆಂದು ಸರ್ಕಾರ ಹೇಳಿದ ಬೆಲೆಗೆ ಕೊಡಬೇಕು, ಕೊಡದವನಿಗೆ ಸೆರೆಮನೆ. ಆ ಮೇಲೆ, 1949ರಿಂದ, ಕೂಡು ಬೇಸಾಯದ ಸಂಘಗಳಿಗೆ ರೈತರನ್ನು ದೂಡುವ ಕೆಲಸ. ಹೆಸರಿಗೆ ಸ್ವಇಚ್ಛೆ, ನಡೆದದ್ದು ಒತ್ತಾಯ. ಆ ಸಂಘಗಳಿಗೂ ಝಾದ್ರುಗ ಎಂದೇ ಹೆಸರಿಟ್ಟರು. ಹಳೆಯ ಝಾದ್ರುಗದಲ್ಲಿ ಅಣ್ಣತಮ್ಮಂದಿರು ಒಂದೇ ಒಲೆಯ ಸುತ್ತ ಕೂಡಿದ್ದರು; ಇದರಲ್ಲಿ ಕಚೇರಿಯ ಕಾಗದ ಅವರನ್ನು ಕೂಡಿಸಿತ್ತು. ಎತ್ತು ಹಸುಗಳನ್ನು ಸಾಮೂಹಿಕ ಕೊಟ್ಟಿಗೆಗೆ ಕೊಡುವುದಕ್ಕಿಂತ ಮೊದಲೇ ಮಾರಿದವರು, ಕಡಿದು ತಿಂದವರು ಇದ್ದರು. ಎಲ್ಲರ ಹಸು ಯಾರ ಹಸುವೂ ಆಗಲಿಲ್ಲ. ಅರ್ಧ ರಾತ್ರಿ ಎದ್ದು ಕರು ಹಾಕಿಸಲು ಯಾರು ಹೋಗಬೇಕು? 1950ರಲ್ಲಿ ಒಮ್ಮೆ, 1952ರಲ್ಲಿ ಮತ್ತೊಮ್ಮೆ ಭಾರಿ ಬರ. 1953ರ ಮಾರ್ಚಿಯಲ್ಲಿ ಸರ್ಕಾರ ಸೋಲೊಪ್ಪಿ, ಬಿಡುವವರು ಸಂಘ ಬಿಟ್ಟು ಹೋಗಬಹುದೆಂದು ಆಜ್ಞೆ ಹೊರಡಿಸಿತು. ರೈತರು ತಮ್ಮ ಪಾಲಿನ ದನಗಳನ್ನು ಬಿಚ್ಚಿಕೊಂಡು ಮನೆಗೆ ಹೋದರು. ಅದೇ ವರ್ಷ ಒಂದು ಮನೆತನಕ್ಕೆ 10 ಹೆಕ್ಟೇರು ಎಂಬ ಮಿತಿ ಬಂದಿತು. ಆ ಮಿತಿಯೊಳಗೆ ಭೂಮಿ ರೈತನದೇ. ಕೊನೆಯವರೆಗೂ ಯುಗೊಸ್ಲಾವಿಯದ ಸಾಗುವಳಿ ಭೂಮಿಯಲ್ಲಿ ಹತ್ತರಲ್ಲಿ ಎಂಟು ಪಾಲು ಇಂಥ ಸಣ್ಣ ರೈತರಲ್ಲಿಯೇ ಇತ್ತು. ಈ ಒಂದು ಮಾತಿಗೆ ಆ ಸರ್ಕಾರವನ್ನು ಮೆಚ್ಚುತ್ತೇನೆ: ತಪ್ಪೆಂದು ಕಂಡ ಮೇಲೆ ಹಟ ಹಿಡಿಯಲಿಲ್ಲ.

ಒಂದು ಸಣ್ಣ ವಿಷಯ ಇಲ್ಲಿ ಸೇರಿಸುತ್ತೇನೆ. 1954ರಲ್ಲಿ, ಕಾಡು ಉಳಿಸುವ ಹೆಸರಿನಲ್ಲಿ, ಮೇಕೆ ಸಾಕುವುದನ್ನೇ ಕಾನೂನಿನಿಂದ ನಿಷೇಧಿಸಿದರು. ಹಸು ಕಟ್ಟಲು ಶಕ್ತಿಯಿಲ್ಲದವನು ಮೇಕೆ ಕಟ್ಟುತ್ತಿದ್ದ. ಅದನ್ನು 'ಬಡವರ ತಾಯಿ' ಎಂದು ಕರೆಯುತ್ತಿದ್ದರು. ಹಸುವಿದ್ದವನಿಗೆ ಹಸು ಮರಳಿತು, ಮೇಕೆಯವನ ಮೇಕೆ ಹೋಯಿತು. ಬಡವರಲ್ಲಿ ಬಡವನ ಗತಿ ಯಾವ ರಾಜ್ಯದಲ್ಲಿಯೂ ಹೀಗೆಯೇ.

ಈಗ ಗಿರಣಿಯ ಗೆಳೆಯರು ಕಿವಿಗೊಡಬೇಕು. ದಕ್ಷಿಣ ಸರ್ಬಿಯದಲ್ಲಿ ಲೆಸ್ಕೊವಾತ್ಸ್ ಎಂಬ ಊರಿದೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದ ಹಾಗೆಯೇ ಅದಕ್ಕೆ ಸರ್ಬಿಯದ ಮ್ಯಾಂಚೆಸ್ಟರ್ ಎಂಬ ಹೆಸರು. ಅಷ್ಟು ಬಟ್ಟೆ ಗಿರಣಿಗಳು ಅಲ್ಲಿದ್ದವು. ಕ್ರಾಗುಯೆವಾತ್ಸ್‌ನಲ್ಲಿ ಮೋಟಾರು ಕಾರ್ಖಾನೆ. ಇಂಥ ಕಾರ್ಖಾನೆಗಳಲ್ಲಿ ದುಡಿದವರೆಲ್ಲ ಪಟ್ಟಣದವರಲ್ಲ. ಸಾವಿರಾರು ಮಂದಿ ಹಳ್ಳಿಯಲ್ಲಿಯೇ ಇದ್ದು ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಬೆಳಗಿನ ಪಾಳಿ ಮುಗಿಸಿ ಮನೆಗೆ ಹೋದವನು ಕುಡುಗೋಲು ಹಿಡಿದು ಹುಲ್ಲುಗಾವಲಿಗೆ ಇಳಿಯುತ್ತಿದ್ದ. ಹೆಂಡತಿ ಆಗಲೇ ಹಾಲು ಕರೆದಿರುತ್ತಿದ್ದಳು. ರೈತನೂ ಹೌದು, ಕಾರ್ಮಿಕನೂ ಹೌದು, ಅರ್ಧ ಅರ್ಧ. ಹುಲ್ಲು ಕೊಯ್ಲಿನ ತಿಂಗಳು ಬಂದರೆ ಕಾರ್ಖಾನೆಯಲ್ಲಿ ಕಾಯಿಲೆ ರಜೆಗಳು ಹೆಚ್ಚುತ್ತಿದ್ದವೆಂದು ಮ್ಯಾನೇಜರುಗಳು ಗೊಣಗುತ್ತಿದ್ದರು. (ನಗಬೇಡಿ, ಬಿತ್ತನೆ ಕಾಲದಲ್ಲಿ ನಮ್ಮ ಹಾಜರಿ ಪುಸ್ತಕವೂ ಹೀಗೆಯೇ ಇರುತ್ತದೆ.) ಪಂಡಿತರು ಇವರನ್ನು ಹಿಂದುಳಿದವರು ಎಂದರು, ಪೂರ್ತಿ ಕಾರ್ಮಿಕರಾಗಲು ಹಸು ಅಡ್ಡ ಬರುತ್ತಿದೆ ಎಂದರು.

ಆ ಹಸು ಏನು ಮಾಡಿತೆಂಬುದು 1993ರಲ್ಲಿ ಗೊತ್ತಾಯಿತು. ಯುಗೊಸ್ಲಾವಿಯ ಒಡೆದು ಯುದ್ಧ ನಡೆದಿತ್ತು. ಸರ್ಬಿಯದ ಆಳರಸರಿಗೂ ಆ ಯುದ್ಧದ ಪಾಪದಲ್ಲಿ ದೊಡ್ಡ ಪಾಲಿತ್ತು. ಅದನ್ನು ಹೇಳದೆ ಬಿಡಬಾರದು. 1992ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆ ವ್ಯಾಪಾರ ದಿಗ್ಬಂಧನ ಹಾಕಿತು. ಸರ್ಕಾರ ನೋಟು ಅಚ್ಚು ಹಾಕುತ್ತ ಹೋಯಿತು. ಬೆಲೆಗಳು ದಿನಕ್ಕೆ ಎರಡು ಸಲ ಬದಲಾದವು. 1994ರ ಜನವರಿ ಒಂದೇ ತಿಂಗಳಲ್ಲಿ ಬೆಲೆ ಏರಿದ್ದು ಶೇಕಡಾ 31 ಕೋಟಿಗೂ ಮೇಲೆ. ಶೇಕಡಾ ಮೂವತ್ತೊಂದು ಅಲ್ಲ, ಮೂವತ್ತೊಂದು ಕೋಟಿ. 50,000 ಕೋಟಿ ದಿನಾರಿನ ಒಂದು ನೋಟು ಅಚ್ಚಾಯಿತು. ಬೆಳಿಗ್ಗೆ ಸಂಬಳ ತೆಗೆದುಕೊಂಡವನು ಸಂಜೆಗೆ ಅಂಗಡಿಗೆ ಹೋದರೆ ಅದು ರದ್ದಿ ಕಾಗದ. ಅಂಗಡಿಕಾರನ ಪಾಡು ಇನ್ನೂ ಕಷ್ಟ: ಮಾರಿದ ಹಣದಿಂದ ಮರುದಿನ ಅಷ್ಟೇ ಮಾಲು ತರಲಾರ. ಕಪಾಟುಗಳು ಬರಿದಾದವು, ಕಾರ್ಖಾನೆಗಳ ಯಂತ್ರಗಳು ನಿಂತವು.

ಆಗ ಪಟ್ಟಣದ ಎಷ್ಟೋ ಮನೆಗಳಿಗೆ ಊಟ ಬಂದದ್ದು ಹಳ್ಳಿಯ ನೆಂಟರಿಂದ. ವಾರದ ಕೊನೆಗೆ ಬಸ್ಸು ಹತ್ತಿ ಹಳ್ಳಿಗೆ ಹೋಗುವುದು, ಚೀಸು, ಕೈಮಾಕ್, ಆಲೂಗಡ್ಡೆ, ಮಾಂಸ ಹೊತ್ತು ತರುವುದು. ದಿನಾರ್ ಸತ್ತಿತ್ತು, ಹಸು ಬದುಕಿತ್ತು. ಹಳ್ಳಿಯಲ್ಲಿ ಯಾರೂ ಇಲ್ಲದ ಪೂರ್ತಿ ಕಾರ್ಮಿಕ ಮತ್ತು ಪಿಂಚಣಿಯ ಮುದುಕ, ಇವರಿಬ್ಬರೇ ಎಲ್ಲರಿಗಿಂತ ಹೆಚ್ಚು ಬಳಲಿದವರು. ಪಂಡಿತರು ಅಡ್ಡಿ ಎಂದದ್ದೇ ಆಸರೆಯಾಗಿತ್ತು. 1994ರ ಜನವರಿ 24ರಂದು ಜರ್ಮನಿಯ ಮಾರ್ಕಿಗೆ ಕಟ್ಟಿದ ಹೊಸ ದಿನಾರ್ ಬಂದ ಮೇಲೆ ಬೆಲೆ ನಿಂತಿತು.

ಇಷ್ಟೆಲ್ಲ ತಡೆದುಕೊಂಡ ಹಸು ಈಗ ಹೋಗುತ್ತಿದೆ. ಯಾವ ಅರಸನೂ ಬಂದಿಲ್ಲ, ಯಾವ ಅಮೀನನೂ ಬಂದಿಲ್ಲ. 2000ದ ನಂತರ ಕಾರ್ಖಾನೆಗಳನ್ನು ಖಾಸಗಿಯವರಿಗೆ ಮಾರಿದರು. ಲೆಸ್ಕೊವಾತ್ಸ್‌ನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ದೊಡ್ಡ ಡೈರಿಗಳೂ ಖಾಸಗಿ ಬಂಡವಾಳದ ಕೈ ಸೇರಿದವು. ಹಳ್ಳಿಯ ಹುಡುಗರು ಬೆಲ್‌ಗ್ರೇಡಿಗೆ ಹೋದರು, ಜರ್ಮನಿಗೆ ಹೋದರು. ಮನೆಯಲ್ಲಿ ಉಳಿದ ಮುದುಕ ಮುದುಕಿಯರಿಗೆ 2 ಟನ್ನು ಹುಲ್ಲು ಒಟ್ಟುವ ತೋಳಿಲ್ಲ. ಎರಡು ಹಸುವಿನ ಮನೆಗೆ ಬಂದು ಹಾಲು ಒಯ್ಯುವುದು ಡೈರಿಯ ಲಾರಿಗೆ ಕಟ್ಟುವುದಿಲ್ಲ. ಒಯ್ದರೂ ಬೆಲೆ ಹೇಳುವವನು ಅವನೇ. 2012ರ ಬರದಲ್ಲಿ ಮೆಕ್ಕೆ ಜೋಳಕ್ಕೆ ಬೂಷ್ಟು ಹಿಡಿಯಿತು, ಅದನ್ನು ತಿಂದ ಹಸುಗಳ ಹಾಲಿನಲ್ಲಿ ವಿಷದ ಅಂಶ ಕಂಡಿತು. 2013ರಲ್ಲಿ ಸರ್ಕಾರ ಮಾಡಿದ್ದೇನು? ಹಾಲಿನಲ್ಲಿ ಇರಬಹುದಾದ ಆ ವಿಷದ ಮಿತಿಯನ್ನೇ ಹತ್ತು ಪಟ್ಟು ಏರಿಸಿತು. ಕುಡಿಯುವವನ ನಂಬಿಕೆ ಹೋಯಿತು, ಕರೆಯುವವಳ ಹಾಲು ಉಳಿಯಿತು.

2012ರ ಕೃಷಿ ಗಣತಿಯಲ್ಲಿ ಸರ್ಬಿಯದಲ್ಲಿ ಸುಮಾರು 6 ಲಕ್ಷ 31 ಸಾವಿರ ರೈತ ಮನೆತನಗಳು, 9 ಲಕ್ಷ 8 ಸಾವಿರ ದನಗಳು ಇದ್ದವು. 2023ರ ಗಣತಿಯಲ್ಲಿ ಮನೆತನಗಳು ಸುಮಾರು 5 ಲಕ್ಷ 8 ಸಾವಿರ. ದನಗಳು ಏಳು ಲಕ್ಷ ಚಿಲ್ಲರೆ. ಹನ್ನೊಂದು ವರ್ಷದಲ್ಲಿ ಐದರಲ್ಲೊಂದು ಪಾಲು ದನ ಇಲ್ಲವಾಯಿತು. ಬಿಡಿಸಿ ಹೇಳುವುದಾದರೆ, ಕರುಗಳನ್ನು ಅಳಿಯದಂತೆ ಮಾರಿ, ಆ ಮೇಲೆ ಒಂದು ದಿನ ಹಸುವನ್ನೂ ಲಾರಿಗೆ ಹತ್ತಿಸಿ, ಕಣ್ಣಿಯನ್ನು ಗೂಟಕ್ಕೆ ಸುತ್ತಿಟ್ಟ ಮನೆಗಳ ಲೆಕ್ಕ ಇದು. 1836ರ ಕಾಯಿದೆ ಸಾಲಗಾರನಿಂದ ಹಸುವನ್ನು ಕಾಯಬಲ್ಲದಾಗಿತ್ತು. ಬೆಲೆಯಿಂದ ಕಾಯುವ ಕಾಯಿದೆಯನ್ನು ಯಾರೂ ಬರೆದಿಲ್ಲ.

ಸರ್ಬಿಯದವರು ಒಬ್ಬನು ಲಾಭದ ಪಾಲನ್ನೆಲ್ಲ ಹೊಡೆದುಕೊಂಡನೆಂದು ಹೇಳಬೇಕಾದರೆ, 'ಕೈಮಾಕ್ ತೆಗೆದುಕೊಂಡ' ಎನ್ನುತ್ತಾರೆ. ಅಂದರೆ ಕೆನೆ ಎತ್ತಿದ. ಅಲ್ಲಿಯ ಹಾಲಿನ ರೈತರು ಹಲವು ಸಲ ಟ್ರ್ಯಾಕ್ಟರುಗಳನ್ನು ರಸ್ತೆಗೆ ಅಡ್ಡ ನಿಲ್ಲಿಸಿದ್ದಾರೆ. ಅವರ ಬೇಡಿಕೆ ದೊಡ್ಡದೇನಲ್ಲ: ಲೀಟರಿಗೆ ಇಷ್ಟೆಂದು ಕೊಡುವ ಸಹಾಯಧನ ಹೊತ್ತಿಗೆ ಸರಿಯಾಗಿ ಬರಬೇಕು, ಮೇವಿನ ಖರ್ಚಿಗೆ ಹಾಲಿನ ಬೆಲೆ ಸರಿದೂಗಬೇಕು. ಅಳಿಯುತ್ತಿರುವ ಬೂಶ ತಳಿಯನ್ನು ಉಳಿಸಲು ಅದನ್ನು ಸಾಕುವವರಿಗೆ ಸರ್ಕಾರ ತಲೆಗಿಷ್ಟೆಂದು ಹಣ ಕೊಡುತ್ತದೆ. ಒಳ್ಳೆಯದೇ. ಆದರೆ ತಳಿಗೆ ಕೊಟ್ಟ ಹಣದಿಂದ ಮನೆತನ ಉಳಿಯುತ್ತದೆಯೇ ಎಂಬುದಕ್ಕೆ ಅಲ್ಲಿಯವರಲ್ಲಿಯೂ ಉತ್ತರ ಸಿಕ್ಕಿಲ್ಲ.

ರಾತ್ರಿ ಪಾಳಿಯವರು ಎದ್ದು ನಿಂತಿದ್ದೀರಿ, ಹೊತ್ತಾಯಿತು. ಪ್ರಶ್ನೆ ಕೇಳುವವರು ಉಳಿಯಿರಿ. ಸಹಕಾರ ಸಂಘದ ಹೊಣೆಯ ವಿಷಯ ಕೆಲವರಿಗೆ ಸಂದೇಹವಿದ್ದಂತೆ ಕಾಣುತ್ತದೆ, ಅದನ್ನು ಮೊದಲು ತೆಗೆದುಕೊಳ್ಳೋಣ.